ಐದೇ ನಿಮಿಷ, ಬಂದೇಬಿಟ್ವಿ

ಹಾಸ್ಟೆಲ್ಲಿನ ಕಾಲದಲ್ಲಿ ನಮ್ಮ ಮೂವರದ್ದೇ ಒಂದು ನಿಘಂಟಿತ್ತು. ಯಾರಾದರೂ "ಹೊರಟೆ" ಅಂದರೆ ಅವನಿನ್ನೂ ಹಾಸಿಗೆ ಬಿಟ್ಟಿಲ್ಲ ಎಂದರ್ಥ. "ದಾರೀಲಿದೀನಿ" ಅಂದರೆ ಸ್ನಾನಕ್ಕೆ ನಲ್ಲಿ ತಿರುಗಿಸಿದ್ದಾನೆ. "ಇಲ್ಲೇ ಇದೀನಿ ಕಣೋ, ಐದೇ ನಿಮಿಷ" ಅಂದರೆ ಎರಡನೇ ಚಪ್ಪಲಿ ಹುಡುಕುತ್ತಿದ್ದಾನೆ. ಅರ್ಥ ಎಲ್ಲರಿಗೂ ಗೊತ್ತಿದ್ದರಿಂದ ಜಗಳವೇನೂ ಆಗುತ್ತಿರಲಿಲ್ಲ. ಯಾವ ಸಿನಿಮಾದ ಆರಂಭವನ್ನೂ ನಾವು ನೋಡಲಿಲ್ಲ, ಅಷ್ಟೇ.

ಇಪ್ಪತ್ತು ವರ್ಷ ಕಳೆದು ಅವರಿಬ್ಬರೂ ಒಂದೇ ಮಹಾನಗರದಲ್ಲಿ ನೆಲೆಯಾಗಿದ್ದಾರೆ. ನಾನಿರುವುದು ಅಲ್ಲಿಂದ 400 ಕಿಲೋಮೀಟರ್ ಆಚೆ. "ಕಾರಲ್ಲೇ ಬಂದ್ಬಿಡೋ, ಮಧ್ಯಾಹ್ನದೊಳಗೆ ಇಲ್ಲಿರ್ತೀಯ" ಎಂದು ಇಬ್ಬರೂ ಗಂಟುಬಿದ್ದರು. ಒಬ್ಬನ ಮನೆಯಲ್ಲಿ ಎಲ್ಲರೂ ಸೇರುವುದೆಂದು ತೀರ್ಮಾನವಾಯಿತು.

ಬೆಳಿಗ್ಗೆ ಆರಕ್ಕೆ "ಹೊರಟ್ವಿ" ಎಂದು ಫೋನಿನಲ್ಲಿ ಹೇಳಿದೆ. ಬಾಯಲ್ಲಿ ಬ್ರಷ್ ಇದ್ದುದರಿಂದ ಆ ಮಾತು ಅಷ್ಟು ಸ್ಪಷ್ಟವಾಗಿ ಹೊರಡಲಿಲ್ಲ.

ನಿಜವಾಗಿ ಹೊರಟಾಗ ಎಂಟೂವರೆ. ಗೇಟು ದಾಟುವಾಗ ಹೆಂಡತಿ ಕೇಳಿದಳು, "ರೀ, ಸ್ಟೆಪ್ನಿಗೆ ಗಾಳಿ ಹಾಕ್ಸಿದೀರಾ?" ಹಾಕಿಸಿದ್ದೇನೆ ಅಂದೆ. ಅದು ಸುಳ್ಳಲ್ಲ. ಐದು ವರ್ಷದ ಹಿಂದೆ ಕಾರು ಮನೆಗೆ ಬಂದಾಗ ಅದರಲ್ಲಿ ಗಾಳಿ ಇದ್ದೇ ಇತ್ತು. ಸ್ಟೆಪ್ನಿಯ ಸಂಕಟವೇ ಅದು. ಓಡುವ ನಾಲ್ಕು ಚಕ್ರಗಳ ಗಾಳಿ ನೋಡಿಸಿ, ಮಲಗಿರುವ ಐದನೆಯದನ್ನು ಎಬ್ಬಿಸುವುದೇಕೆಂದು ಬಿಟ್ಟುಬಿಡುತ್ತೇವೆ. ಓಡದಿದ್ದರೂ ಟೈರಿನೊಳಗಿಂದ ಗಾಳಿ ನಿಧಾನಕ್ಕೆ ಜಾರಿಹೋಗುತ್ತಲೇ ಇರುತ್ತದೆ. ಇದು ನನಗೆ ತಿಳಿದದ್ದು ಅರವತ್ತನೇ ಕಿಲೋಮೀಟರಿನಲ್ಲಿ, ಎಡಗಡೆಯ ಹಿಂದಿನ ಚಕ್ರ "ಬುಸ್" ಎಂದು ಕುಳಿತಾಗ.

ಡಿಕ್ಕಿಯ ಸಾಮಾನೆಲ್ಲ ರಸ್ತೆಬದಿಯಲ್ಲಿ ಹರಡಿ ಸ್ಟೆಪ್ನಿ ತೆಗೆದರೆ ಅದು ತಲೆದಿಂಬಿನಷ್ಟು ಮೆತ್ತಗಿತ್ತು. ಜಾಕ್ ಸಿಕ್ಕಿತು. ನಟ್ಟು ಬಿಚ್ಚುವ ಪಾನ ಸಿಗಲಿಲ್ಲ. "ಮಹಡಿ ಬಾಗಿಲು ಗಾಳಿಗೆ ಬಡ್ಕೊಳ್ಳುತ್ತೆ ಅಂತ ನೀವೇ ಅಡ್ಡ ಇಟ್ಟಿದೀರಲ್ಲ" ಎಂದು ಹೆಂಡತಿ ನೆನಪಿಸಿದಳು.

ಅಷ್ಟರಲ್ಲಿ ಹಿಂದಿನಿಂದ ಬಂದ ಕಾರೊಂದು ನಿಂತಿತು. ಇಳಿದವರು ಎಲ್ಲವನ್ನೂ ಜೊತೆಗಿಟ್ಟುಕೊಂಡು ಓಡಾಡುವ ಜಾತಿಯ ಮನುಷ್ಯ. ಅವರ ಬಳಿ ಪಾನ, ಕೈಗವಸು, ಕಾರಿನ ಕರೆಂಟಿಗೇ ಸಿಕ್ಕಿಸುವ ಪುಟ್ಟ ಗಾಳಿ ಪಂಪು ಎಲ್ಲ ಇದ್ದವು. ನಾನು ಉತ್ಸಾಹದಿಂದ ಜಾಕ್ ಏರಿಸಿ, ಪಾನ ಹಾಕಿ ತಿರುಗಿಸಿದೆ. ನಟ್ಟು ಜಪ್ಪಯ್ಯ ಅನ್ನಲಿಲ್ಲ, ಅದರ ಬದಲು ಇಡೀ ಚಕ್ರವೇ ತಿರುಗಿತು. "ನೆಲದ ಮೇಲಿದ್ದಾಗಲೇ ನಟ್ಟು ಸಡಿಲ ಮಾಡ್ಕೋಬೇಕು ಸಾರ್, ಎತ್ತೋದು ಆಮೇಲೆ" ಅಂದರು. ನಟ್ಟುಗಳನ್ನು ಸಾಲಾಗಿ ಬಿಗಿಯದೆ ಒಂದು ಬಿಗಿದ ಮೇಲೆ ಎದುರಿನದ್ದನ್ನು ಬಿಗಿಯಬೇಕೆಂದೂ ಕಲಿಸಿದರು. ಹೆಂಡತಿ ಅವರನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಮಾತೇನೂ ಆಡಲಿಲ್ಲ, ಆಡಿದ್ದರೆ ಎಷ್ಟೋ ವಾಸಿಯಿತ್ತು.

ನಮ್ಮ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ತೆಳ್ಳಗಿನದು. ಗಂಟೆಗೆ 80 ಕಿಲೋಮೀಟರ್ ಮೀರಬಾರದೆಂದು ಅದರ ಮೇಲೇ ಬರೆದಿತ್ತು. ಮುಂದಿನ ಪಂಕ್ಚರ್ ಅಂಗಡಿ ಸಿಗುವವರೆಗೆ ಇಡೀ ಹೆದ್ದಾರಿ ನಮ್ಮನ್ನು ಹಿಂದೆ ಹಾಕಿಕೊಂಡು ಹೋಯಿತು. ಆಗಲೇ ಗೆಳೆಯನ ಫೋನು ಬಂತು. ಸ್ಪೀಕರ್‌ಗೆ ಹಾಕಿಸಿದೆ.

"ಎಲ್ಲಿದೀಯೋ?"

"ಅರ್ಧ ದಾರಿ ದಾಟಿದ್ವಿ ಕಣೋ."

ಹಿಂದಿನ ಸೀಟಿನಿಂದ ಮಗ ಸ್ಪಷ್ಟ ಉಚ್ಚಾರಣೆಯಲ್ಲಿ ಹೇಳಿದ, "ಅಪ್ಪಾ, ಬೋರ್ಡಲ್ಲಿ ಇನ್ನೂ 330 ಅಂತಿದೆ."

ಪೆಟ್ರೋಲ್ ಬಂಕಿನಲ್ಲಿ ನಡೆದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ. ಟ್ಯಾಂಕಿನ ಮುಚ್ಚಳ ಯಾವ ಕಡೆ ಇದೆಯೆಂಬುದು ಮರೆತು ತಪ್ಪು ಬದಿಗೆ ನಿಲ್ಲಿಸಿದೆ. ತಿರುಗಿಸಿಕೊಂಡು ಬಂದು ಮತ್ತೆ ತಪ್ಪು ಬದಿಗೇ ನಿಲ್ಲಿಸಿದೆ, ಏಕೆಂದರೆ ಪಂಪಿನ ಆಚೆ ಬದಿಗೆ ಹೋದವನು ಕಾರಿನ ಮುಖವನ್ನೂ ತಿರುಗಿಸಿಬಿಟ್ಟಿದ್ದೆ. ಬಂಕಿನ ಹುಡುಗ ಒಳಗೆ ತಲೆಹಾಕಿ, ಪೆಟ್ರೋಲ್ ಮುಳ್ಳಿನ ಪಕ್ಕದ ಪುಟ್ಟ ತ್ರಿಕೋನ ತೋರಿಸಿದ. ಅದು ಯಾವ ಕಡೆ ಮುಖ ಮಾಡಿದೆಯೋ ಮುಚ್ಚಳ ಆ ಕಡೆಯಂತೆ. ಐದು ವರ್ಷದಿಂದ ನಾನದನ್ನು ಅಲಂಕಾರ ಅಂದುಕೊಂಡಿದ್ದೆ.

ನಗರ ಮುಟ್ಟುವ ಹೊತ್ತಿಗೆ ದೀಪ ಹತ್ತಿದ್ದವು. ಮ್ಯಾಪಿನ ಹೆಂಗಸು "ಎಡಕ್ಕೆ ತಿರುಗಿ" ಅಂದಳು. ಎಡಕ್ಕೆ ನೋಡಿದರೆ ಬರೀ ಆಕಾಶ! ನಾವಿದ್ದದ್ದು ಫ್ಲೈಓವರಿನ ಮೇಲೆ, ತಿರುವು ಇದ್ದದ್ದು ಕೆಳಗಿನ ರಸ್ತೆಯಲ್ಲಿ. ಅವಳದ್ದೂ ತಪ್ಪಿಲ್ಲ. ಇಪ್ಪತ್ತು ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು, ಕನಿಷ್ಠ ನಾಲ್ಕು ಸೇರಿ, ನಾವೆಲ್ಲಿದ್ದೇವೆಂದು ಹೇಳುತ್ತವೆ. ಆದರೆ ಸೇತುವೆಯ ಮೇಲಿದ್ದರೂ ಕೆಳಗಿದ್ದರೂ ನಕ್ಷೆಯಲ್ಲಿ ಚುಕ್ಕೆ ಒಂದೇ. ಇಳಿದು, ಸುತ್ತಿ, ಎಚ್ಚರದಿಂದ ಬಂದು ಮತ್ತೆ ಅದೇ ಫ್ಲೈಓವರ್ ಹತ್ತಿದೆವು. ಎರಡನೇ ಸಲ ಹತ್ತುವಾಗ ಮಗ ಕೆಳಗಿನ ಕಟ್ಟಡಗಳನ್ನೆಲ್ಲ ಗುರುತು ಹಿಡಿದ.

ಮೂರನೇ ಸಲಕ್ಕೆ ಕೆಳಗಿನ ರಸ್ತೆ ಸಿಕ್ಕಿತು. ಅದರ ಜೊತೆಗೆ ಟ್ರಾಫಿಕ್ಕೂ ಸಿಕ್ಕಿತು. ಮುಂದೆ ಅಪಘಾತವಾದ ಲಕ್ಷಣವಿಲ್ಲ, ಸಿಗ್ನಲ್ಲಿಲ್ಲ, ಸುಮ್ಮನೆ ನಿಂತಿದೆ. ಮರ್ಯಾದೆ ಮರಳಿ ಗಳಿಸಲು ಇದೇ ಸಮಯವೆಂದು ಉಪನ್ಯಾಸ ಶುರುಮಾಡಿದೆ. 2008ರಲ್ಲಿ ಪ್ರಕಟವಾದ ಜಪಾನೀಯರ ಪ್ರಯೋಗವೊಂದರಲ್ಲಿ 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಓಡಿಸಿದರು. ಅಡ್ಡಿಯೇನೂ ಇರಲಿಲ್ಲ. ಆದರೂ ಯಾರೋ ಒಬ್ಬರು ತುಸು ನಿಧಾನಿಸಿದರೆ ಹಿಂದಿನವರು ಇನ್ನಷ್ಟು ನಿಧಾನಿಸಿ, ಅವರ ಹಿಂದಿನವರು ನಿಂತೇಬಿಟ್ಟು, ಜಾಮ್ ತನ್ನಷ್ಟಕ್ಕೆ ಹುಟ್ಟಿ ಅಲೆಯಂತೆ ಹಿಂದಕ್ಕೆ ಸಾಗಿತು.

"ಅಂದ್ರೆ ಮುಂದೆ ಯಾರೋ ನಿಮ್ಮಂಥವರು ಇದಾರೆ" ಅಂದಳು ಹೆಂಡತಿ.

ಆಗ ಗೆಳೆಯನ ಫೋನು ಮತ್ತೆ ಬಂತು. "ಎಲ್ಲಿದೀಯೋ ಮಾರಾಯ? ನಾನಾಗ್ಲೇ ಇವನ ಮನೇಲಿ ಕೂತಿದೀನಿ."

"ಇಲ್ಲೇ ಕಣೋ, ಐದೇ ನಿಮಿಷ."

ನಮ್ಮ ಮುಂದೆ ಧ್ವನಿವರ್ಧಕ ಕಟ್ಟಿಕೊಂಡ ವ್ಯಾನೊಂದು ನಿಂತಿತ್ತು. "ಒಂದು ಕೊಂಡರೆ ಒಂದು ಉಚಿತ! ಉಚಿತ! ಉಚಿತ!" ಎಂದು ಕೂಗಿಕೊಳ್ಳುತ್ತಿತ್ತು. ಕೂಗು ಮುಗಿದ ಮೇಲೂ ನಮ್ಮ ಕಾರಿನೊಳಗೆ ಇನ್ನೊಂದು "ಉಚಿತ!" ಕೇಳಿಸಿತು, ಅರ್ಧ ಕ್ಷಣ ತಡವಾಗಿ. ಅದು ಬಂದದ್ದು ಫೋನಿನಿಂದ.

"ಏನೋ ಅದು ಸದ್ದು?" ಅಂದೆ.

"ಟಿವಿ ಕಣೋ" ಅಂದ. ಸ್ವಲ್ಪ ತಡೆದು, "ನಿನ್ನ ಕಡೆ?" ಅಂದ.

"ರೇಡಿಯೋ."

ಗಾಜು ಇಳಿಸಿ ಬಲಕ್ಕೆ ನೋಡಿದೆ. ಒಂದು ಕಾರು ಬಿಟ್ಟು ಆಚೆ, ಕೂದಲು ಸ್ವಲ್ಪ ಕಮ್ಮಿಯಾದ, ಹೊಟ್ಟೆ ಸ್ವಲ್ಪ ಜಾಸ್ತಿಯಾದ ನಮ್ಮವನೇ ಕೂತಿದ್ದ! ಅವನೂ ಗಾಜು ಇಳಿಸುತ್ತಿದ್ದ. ಕಣ್ಣು ಕಣ್ಣು ಸೇರಿತು. ಇಬ್ಬರಿಗೂ ಫೋನು ಇಡಬೇಕೆಂದು ಹೊಳೆಯಲಿಲ್ಲ.

"ಆರಾಮಾಗಿ ಬಾರೋ, ಅರ್ಜೆಂಟಿಲ್ಲ" ಅಂದ ಅವನು, ನನ್ನನ್ನೇ ನೋಡುತ್ತ.

ನಡುವಿನ ಕಾರಿನಲ್ಲಿದ್ದವರು ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ ಗಾಜು ಏರಿಸಿಕೊಂಡರು.

ನಗು ನಿಂತ ಮೇಲೆ ಅವನು ಮನೆ ಯಜಮಾನನನ್ನೂ ಕರೆಗೆ ಸೇರಿಸಿಕೊಂಡ. "ಎಲ್ಲಿದೀರ್ರೋ ಇಬ್ರೂ?" ಎಂದು ಅವನು ಗುಡುಗಿದ. "ಅರ್ಧ ಗಂಟೆಯಿಂದ ಗೇಟ್ ಹತ್ರ ನಿಂತು ಕಾಯ್ತಿದೀನಿ!"

ನಾವಿಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡೆವು. ಅವನ ದನಿಯ ಹಿಂದೆ, ಖಾಲಿ ಬಕೆಟ್ಟಿಗೆ ನೀರು ಬೀಳುತ್ತಿತ್ತು.