ಡಿಶ್‌ವಾಷರ್‌ನಲ್ಲಿ ನೀರು ನಿಂತರೆ ಮೊದಲು ನೀರಿನ ದಾರಿಯನ್ನು ನೋಡಬೇಕು

ಕಳೆದ ಜನವರಿಯಲ್ಲಿ ರಜೆಗೆಂದು ರಾಯಚೂರಿಗೆ ಹೋದಾಗ ಅಕ್ಕನ ಮನೆಯ ಡಿಶ್‌ವಾಷರ್ ಮೂರು ವಾರಗಳಿಂದ ಸುಮ್ಮನೆ ನಿಂತಿತ್ತು. ಪಾತ್ರೆ ತೊಳೆಯುವುದು ಮುಗಿದ ಮೇಲೂ ತಳದಲ್ಲಿ ನಾಲ್ಕು ಬೆರಳಷ್ಟು ಕೊಳೆನೀರು ಉಳಿಯುತ್ತಿತ್ತಂತೆ. "ಮೋಟರ್ ಹೋಗ್ಯಾದ, ಬ್ಯಾರೆ ಹಾಕ್ಸಬೇಕು ಅಂತ ಹೇಳಿ ಹೋಗ್ಯಾನಪ್ಪ" ಎಂದಳು ಅಕ್ಕ. ನೋಡಲು ಬಂದವರು ಯಂತ್ರದ ಗುಂಯ್‌ಗುಡುವ ಸದ್ದು ಕೇಳಿ ಅಷ್ಟು ಹೇಳಿದ್ದರೇ ಹೊರತು ತಳದಲ್ಲಿ ಕಸ ತಡೆಯುವ ಜಾಲರಿಯನ್ನು ಬಿಚ್ಚಿ ನೋಡಿರಲಿಲ್ಲ.

ನಾವು ಮಾನ್ವಿ ಕಡೆಯವರು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಬೆಳೆದವರು. ಗದ್ದೆಗೆ ನೀರು ಬಾರದಿದ್ದಾಗ ಅಪ್ಪ ಸಲಿಕೆಯನ್ನು ಹೆಗಲಿಗೇರಿಸಿ ಹೊಲದ ಕಾಲುವೆಯಿಂದ ಉಪಕಾಲುವೆಯವರೆಗೂ ನಡೆದುಹೋಗಿ, ಎಲ್ಲಿ ಹೂಳು ತುಂಬಿದೆ, ಎಲ್ಲಿ ತೂಬು ಮುಚ್ಚಿದೆ ಎಂದು ಕಣ್ಣಾರೆ ನೋಡಿದ ಮೇಲೆಯೇ ಇತರರ ಮೇಲೆ ದೂರು ಹೇಳುತ್ತಿದ್ದರು. ಹೊಲದಲ್ಲಿ ಇಷ್ಟು ಶಿಸ್ತಿನಿಂದ ನಡೆದುಕೊಳ್ಳುವ ನಾವು ಅಡುಗೆಮನೆಯ ಯಂತ್ರದ ವಿಷಯದಲ್ಲಿ ಮಾತ್ರ ಒಂದು ಮುಚ್ಚಳವನ್ನೂ ಎತ್ತಿ ನೋಡದೆ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತೇವೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ.

ನಾನಿರುವ ಅಮೆರಿಕದ ನ್ಯೂಜೆರ್ಸಿಯಲ್ಲಿ ಮೆಕ್ಯಾನಿಕ್ ಮನೆಗೆ ಬಂದು ನೋಡಿದ್ದಕ್ಕೇ ಹಣ ಕೊಡಬೇಕಾಗುತ್ತದೆ. ಹೀಗಾಗಿ ಮನೆಯವರೇ ಮೊದಲು ಕೈಪಿಡಿ ಹಿಡಿದು ಕೂರುತ್ತಾರೆ. ಅಲ್ಲಿ ನನಗೆ ಎದುರಾದ ಮೊದಲ ತೊಂದರೆಗೆ ಕಾರಣ ಯಂತ್ರದೊಳಗಿರಲೇ ಇಲ್ಲ. ಅಲ್ಲಿನ ಅನೇಕ ಮನೆಗಳಲ್ಲಿ ಸಿಂಕ್‌ನ ಕೆಳಗೆ ಆಹಾರದ ಚೂರುಗಳನ್ನು ಅರೆಯುವ ಒಂದು ಯಂತ್ರವಿರುತ್ತದೆ. ಡಿಶ್‌ವಾಷರ್‌ನ ಕೊಳೆನೀರು ಹೊರಹೋಗುವ ಪೈಪು ಅದಕ್ಕೇ ಸೇರುತ್ತದೆ. ಆ ಪೈಪು ಸೇರುವ ಬಾಯಿಗೆ ಕಾರ್ಖಾನೆಯಲ್ಲೇ ಒಂದು ಬಿಲ್ಲೆ ಮುಚ್ಚಿರುತ್ತದೆ, ಜೋಡಿಸುವವರು ಅದನ್ನು ಒಡೆದು ತೆಗೆಯಬೇಕು. ನಮ್ಮ ಮನೆಯಲ್ಲಿ ಅರೆಯುವ ಹೊಸ ಯಂತ್ರವನ್ನು ಜೋಡಿಸಿದವರು ಆ ಬಿಲ್ಲೆಯನ್ನು ಹಾಗೆಯೇ ಬಿಟ್ಟಿದ್ದರು, ನೀರು ಹೋಗಲು ದಾರಿಯೇ ಇರಲಿಲ್ಲ. ಡಿಶ್‌ವಾಷರ್‌ನ ನೀರನ್ನು ಹೊರಗೆ ತಳ್ಳುವ ಪಂಪು ಬದಲಿಸಿದ್ದರೆ ಹಣ ಹೋಗುತ್ತಿತ್ತು, ನೀರು ಹೋಗುತ್ತಿರಲಿಲ್ಲ.

ಅಕ್ಕನ ಮನೆಯಲ್ಲಿ ನಾನು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು. ಮೊದಲು ಪ್ಲಗ್ ಕಿತ್ತು, ತಟ್ಟೆ ಜೋಡಿಸುವ ಕೆಳಗಿನ ಚೌಕಟ್ಟನ್ನು ಹೊರಗೆಳೆದು, ನಿಂತ ನೀರನ್ನು ಲೋಟದಿಂದ ತೋಡಿ, ಉಳಿದದ್ದನ್ನು ಬಟ್ಟೆಯಿಂದ ಹಿಂಡಿ ತೆಗೆದೆ. ಜಾಲರಿಯನ್ನು ತಿರುಗಿಸಿ ಎತ್ತಬೇಕೆಂದು ಕೈ ಹಾಕಿದರೆ ಅದು ತಿರುಗಿಸುವ ಮೊದಲೇ ಕೈಗೆ ಬಂತು. ಹಿಂದೆ ತೊಳೆದಾಗ ಅದನ್ನು ಸರಿಯಾಗಿ ಕೂರಿಸಿರಲಿಲ್ಲ. ಬೋರ್‌ವೆಲ್ ನೀರಿನ ಸುಣ್ಣದಿಂದ ಅದರ ಸಣ್ಣ ಕಣ್ಣುಗಳು ಬೆಳ್ಳಗೆ ಮುಚ್ಚಿಹೋಗಿದ್ದವು, ನಡುವೆ ಸಾಸಿವೆ ಕಾಳು, ಕರಿಬೇವಿನ ದಂಟು, ಶೇಂಗಾ ಸಿಪ್ಪೆ. ಅದರ ಕೆಳಗಿನ ಗುಂಡಿಯಲ್ಲಿ ಗಾಜಿನ ಚೂರು ಇರಬಹುದಾದ್ದರಿಂದ ಬರಿಗೈ ಹಾಕದೆ ಟಾರ್ಚ್ ಹಿಡಿದು ನೋಡಿದೆ. ಪಂಪಿನ ಸಣ್ಣ ಮುಚ್ಚಳ ತೆಗೆದಾಗ ಕಂಡದ್ದು ಪಂಪಿನ ಚಕ್ರದ ರೆಕ್ಕೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದ ಹುಣಸೆ ನಾರು. ಸಡಿಲವಾಗಿದ್ದ ಜಾಲರಿಯ ಪಕ್ಕದಿಂದ ಅದು ನುಸುಳಿತ್ತು. ಚಿಮುಟದಿಂದ ಅದನ್ನು ಬಿಡಿಸಿ, ಚಕ್ರವನ್ನು ಚಮಚದ ಹಿಡಿಯಿಂದ ತಿರುಗಿಸಿದರೆ ತಡೆದು ತಡೆದು ತಿರುಗಿತು. ಒಳಗೆ ಅಯಸ್ಕಾಂತವಿರುವುದರಿಂದ ಹಾಗೆ ತಡೆಯುವುದು ಸಹಜ, ಅದು ದೋಷವಲ್ಲ. ಮೋಟರ್ ಗುಂಯ್‌ಗುಟ್ಟಿಯೂ ನೀರು ಹೋಗದಿದ್ದರೆ ಏನೋ ಸಿಕ್ಕಿಕೊಂಡಿರುವ ಸಾಧ್ಯತೆಯೇ ಹೆಚ್ಚು; ಸದ್ದೇ ಇಲ್ಲದಿದ್ದಾಗ ಮೋಟರನ್ನೋ ವೈರನ್ನೋ ಸಂಶಯಿಸುವುದು ನ್ಯಾಯ.

ನಂತರ ಪೈಪಿನ ತುದಿಯನ್ನು ಬಕೆಟ್ಟಿಗಿಟ್ಟು ಪ್ಲಗ್ ಹಾಕಿ ನೀರು ಬಿಡಿಸಿದಾಗ ರಭಸವಾಗಿ ಬಂತು. ಈ ಬಕೆಟ್ ಪರೀಕ್ಷೆಯನ್ನು ಎಲ್ಲರೂ ಕಲಿಯಬೇಕು: ಬಕೆಟ್ಟಿಗೆ ಚೆನ್ನಾಗಿ ಬೀಳುವ ನೀರು ಮೋರಿಗೆ ಹೋಗದಿದ್ದರೆ ಯಂತ್ರ ಸರಿಯಿದೆ, ಮನೆಯ ಪೈಪು ಕಟ್ಟಿದೆ ಎಂದರ್ಥ.

ಇಷ್ಟಾದರೂ ರಾತ್ರಿಯ ಹೊತ್ತಿಗೆ ತಳದಲ್ಲಿ ಮತ್ತೆ ಸ್ವಲ್ಪ ಕೊಳೆನೀರು ಕಾಣಿಸಿತು. ಜಾಲರಿಯ ಗುಂಡಿಯಲ್ಲಿ ತುಸು ತಿಳಿನೀರು ಉಳಿಯುವುದು ಹೆಚ್ಚಿನ ಯಂತ್ರಗಳಲ್ಲೂ ಇದ್ದದ್ದೇ, ಆದರೆ ಇದಕ್ಕೆ ಮೋರಿಯ ವಾಸನೆ ಇತ್ತು. ನಮ್ಮ ಕಡೆಯ ಮನೆಗಳಲ್ಲಿ ಪೈಪನ್ನು ನೆಲದ ಮೋರಿಯ ರಂಧ್ರಕ್ಕೆ ಆಳವಾಗಿ ತುರುಕಿ, ಸಂದಿಗೆ ಬಟ್ಟೆ ಹೆಟ್ಟುವ ರೂಢಿಯಿದೆ. ಮೋರಿ ತುಂಬಿದಾಗ ಆ ನೀರು ಪೈಪಿನಲ್ಲಿ ಹಿಂದಕ್ಕೆ ಬರಬಹುದು. ಅಮೆರಿಕದಲ್ಲಿ ಇದೇ ಕಾರಣಕ್ಕೆ ಪೈಪನ್ನು ಸಿಂಕ್‌ನ ಕೆಳಗೆ ಎಷ್ಟು ಎತ್ತರಕ್ಕೆ ಸಾಧ್ಯವೋ ಅಷ್ಟು ಎತ್ತರಕ್ಕೆ ಕಮಾನಿನಂತೆ ಬಾಗಿಸಿ ತಂದು ಕಟ್ಟುತ್ತಾರೆ. ಮರುದಿನ ಗೋಡೆಗೆ ಮೊಳೆ ಹೊಡೆದು ನಾವೂ ಹಾಗೆಯೇ ಕಟ್ಟಿದೆವು, ತುದಿಯನ್ನು ಮೋರಿಯ ನೀರಿಗೆ ತಾಗದಂತೆ ಮೇಲಿಟ್ಟೆವು. ಈ ಒಂದು ವಿಷಯದಲ್ಲಿ ಅವರ ಪದ್ಧತಿಯೇ ಸರಿ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಆದರೆ ತಟ್ಟೆಯಲ್ಲಿ ಉಳಿದದ್ದನ್ನು ನಿಭಾಯಿಸುವ ರೀತಿಯಲ್ಲಿ ನಮ್ಮ ಪದ್ಧತಿ ಎಷ್ಟೋ ಮೇಲು. ಅವ್ವ ಅನ್ನದ ಅಗುಳು, ರೊಟ್ಟಿ ಚೂರು, ತರಕಾರಿ ಸಿಪ್ಪೆ ಎಲ್ಲವನ್ನೂ ಎಮ್ಮೆಯ ಬಾನಿಗೆ ಹಾಕಿಯೇ ಮುಸುರೆ ಪಾತ್ರೆಗೆ ಕೈಯಿಡುತ್ತಿದ್ದಳು. ಮೋರಿಗೆ ಹೋಗುತ್ತಿದ್ದುದು ನೀರು ಮಾತ್ರ. ಅರೆಯುವ ಯಂತ್ರವಿದೆಯೆಂದು ಎಲ್ಲವನ್ನೂ ಸಿಂಕ್‌ಗೆ ಸುರಿಯುವ ನ್ಯೂಜೆರ್ಸಿಯ ಮನೆಗಳಲ್ಲಿ ಪೈಪು ಕಟ್ಟುವುದನ್ನು ಹಲವು ಸಲ ಕಂಡಿದ್ದೇನೆ. ಡಿಶ್‌ವಾಷರ್ ಕೊಂಡವರು ಅವ್ವನ ಈ ಅಭ್ಯಾಸವನ್ನು ಬಿಡಬಾರದು. ಹಾಗೆಯೇ ಕೈಯಲ್ಲಿ ಪಾತ್ರೆ ತಿಕ್ಕುವ ಸೋಪನ್ನು ಅದಕ್ಕೆ ಹಾಕಬಾರದು, ನೊರೆ ತುಂಬಿದರೆ ಪಂಪು ನೀರನ್ನು ಎತ್ತಲಾರದು. ನಮ್ಮ ಗಡಸು ನೀರಿಗೆ, ನೀರನ್ನು ಮೆದುಗೊಳಿಸಲು ಯಂತ್ರದಲ್ಲಿರುವ ಉಪ್ಪಿನ ಡಬ್ಬಿ ಖಾಲಿಯಾಗದಂತೆ ನೋಡಿಕೊಳ್ಳಬೇಕು, ಅದಕ್ಕೆ ಅಡುಗೆ ಉಪ್ಪು ಆಗದು.

ಇನ್ನೊಂದು ಮಾತನ್ನು ಹೇಳಲೇಬೇಕು. ಅಕ್ಕನ ಯಂತ್ರದ ಕೈಪಿಡಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿತ್ತು, ಕನ್ನಡದಲ್ಲಿ ಒಂದು ಸಾಲೂ ಇರಲಿಲ್ಲ. ಜಾಲರಿ ತಿರುಗಿಸುವ ಚಿತ್ರದ ಕೆಳಗೆ ನಾಲ್ಕು ಸಾಲು ಕನ್ನಡವಿದ್ದಿದ್ದರೆ ಆಕೆ ಮೂರು ವಾರ ಕಾಯುತ್ತಿರಲಿಲ್ಲ. ರಾಯಚೂರಿನಲ್ಲಿ ಯಂತ್ರ ಮಾರುವವರು ರಾಯಚೂರಿನವರು ಓದುವ ಭಾಷೆಯಲ್ಲಿ ಕೈಪಿಡಿ ಕೊಡಬೇಕೆಂದು ನಾವು ಕೊಳ್ಳುವಾಗಲೇ ಅಂಗಡಿಯಲ್ಲಿ ಕೇಳಬೇಕು.

ಹೊರಡುವ ಹಿಂದಿನ ರಾತ್ರಿ ಈ ಕ್ರಮವನ್ನೆಲ್ಲ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆ. ಅಕ್ಕ ಅದನ್ನು ಓದಿ, ಪೆನ್ನು ತೆಗೆದುಕೊಂಡು, ಎಲ್ಲಕ್ಕಿಂತ ಮೇಲೆ ತಾನೇ ಒಂದು ಸಾಲು ಸೇರಿಸಿದಳು: "ಹುಣಸೆಹಣ್ಣು ಹಿಂಡಿದ ಪಾತ್ರೆ ಇದರಾಗ ಇಡಬ್ಯಾಡ್ರಿ."