ಲೀಸ್‌ಗೆ ಮನೆ ಹಿಡಿಯೋ ಮುಂಚೆ ಇಸಿ ತೆಗೆಸಿ

ಬೆಂಗಳೂರಲ್ಲಿ ಲೀಸ್ ಅಂದ್ರೆ ಭೋಗ್ಯ. ಹತ್ತೋ ಹದಿನೈದೋ ಲಕ್ಷ ಇಡಿಗಂಟು ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಅಷ್ಟೂ ದುಡ್ಡು ವಾಪಸ್ ಪಡೆಯೋದು. ಮನೆ ನೋಡೋಕೆ ಹೋದವರು ನಲ್ಲಿ ತಿರುಗಿಸ್ತಾರೆ, ಗೋಡೆ ತೇವ ಮುಟ್ಟಿ ನೋಡ್ತಾರೆ, ಬಾಗಿಲು ಯಾವ ದಿಕ್ಕು ಅಂತ ಕೇಳ್ತಾರೆ. ಮಾಲೀಕರಿಗೆ ಅಷ್ಟು ದುಡ್ಡು ಯಾಕೆ ಬೇಕಾಗಿದೆ ಅಂತ ಮಾತ್ರ ಕೇಳಲ್ಲ.

ಒಂದು ಲೆಕ್ಕ ಹಾಕಿ. ತಿಂಗಳಿಗೆ 20,000 ಬಾಡಿಗೆ ಬರೋ ಮನೆ 15 ಲಕ್ಷಕ್ಕೆ ಲೀಸ್‌ಗಿದೆ ಅಂತಿಟ್ಟುಕೊಳ್ಳಿ. ಮಾಲೀಕರು ವರ್ಷಕ್ಕೆ 2,40,000 ಬಾಡಿಗೆ ಕೈಬಿಡ್ತಿದ್ದಾರೆ, ಅಂದ್ರೆ ನಿಮ್ಮ ದುಡ್ಡಿಗೆ 16% ಬಡ್ಡಿ ಕೊಟ್ಟ ಹಾಗೆ. ಮನೆ ಅಡ ಇಟ್ಟರೆ ಬ್ಯಾಂಕು ಇದಕ್ಕಿಂತ ಅಗ್ಗಕ್ಕೆ ಕೊಡುತ್ತೆ. ಆದರೂ ನಿಮ್ಮ ಹತ್ರ ಬಂದಿದ್ದಾರೆ ಅಂದ್ರೆ ಒಂದೋ ಬ್ಯಾಂಕು ಕೊಡ್ತಿಲ್ಲ, ಇಲ್ಲಾ ಆಗಲೇ ಕೊಟ್ಟಾಗಿದೆ. ಮಗಳ ಮದುವೆ, ಮೇಲೊಂದು ಮಹಡಿ ಅಂತ ನಿಜವಾದ ಕಾರಣಗಳೂ ಇರ್ತವೆ, ಇಲ್ಲ ಅನ್ನಲ್ಲ. ಆದರೆ ಲೀಸ್ ಅಗ್ಗವಾದಷ್ಟೂ ಕಾಗದ ಜಾಸ್ತಿ ನೋಡಿ.

ಮೊದಲನೆಯದು ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ, ಆ ಆಸ್ತಿ ಮೇಲೆ ನೋಂದಣಿ ಆಗಿರೋ ಮಾರಾಟ, ಅಡಮಾನಗಳ ಪಟ್ಟಿ. ನೋಂದಣಿ ಇಲಾಖೆಯ ಕಾವೇರಿ ಆನ್‌ಲೈನ್‌ನಲ್ಲಿ ಸಿಗುತ್ತೆ. ವ್ಯವಹಾರ ಇದ್ದರೆ ಫಾರಂ 15, ಏನೂ ಇಲ್ಲದಿದ್ದರೆ ಫಾರಂ 16. ಫಾರಂ 16 ಬಂತು ಅಂತ ಕುಣಿಯಬೇಡಿ. ಸೈಟ್ ನಂಬರ್ ಒಂದಂಕಿ ತಪ್ಪಾಗಿ ಹೊಡೆದರೂ ಅದೇ ಬರುತ್ತೆ! ಮಾಲೀಕರು ಮನೆ ಕೊಂಡ ದಿನಾಂಕಕ್ಕಿಂತ ಹಿಂದಿನಿಂದ ಅವಧಿ ಕೊಟ್ಟು ಹುಡುಕಿ. ಅವರದೇ ಕ್ರಯಪತ್ರ ಅದರಲ್ಲಿ ಕಾಣಿಸದಿದ್ದರೆ ನೀವು ಹುಡುಕಿದ್ದು ಬೇರೆ ಆಸ್ತಿ. ಚಕ್ಕುಬಂದಿಯನ್ನೂ (ನಾಲ್ಕು ದಿಕ್ಕಿನ ಗಡಿ) ಕ್ರಯಪತ್ರಕ್ಕೆ ಹೋಲಿಸಿ.

ಇಸಿಯಲ್ಲಿ ಕಾಣದ ಸಾಲವೂ ಇರುತ್ತೆ. ಮೂಲ ಪತ್ರ ಬ್ಯಾಂಕಿಗೆ ಕೊಟ್ಟು ಸಾಲ ತಗೊಂಡು, ಆ ಒಪ್ಪಂದ ನೋಂದಣಿ ಆಗಿಲ್ಲದಿದ್ದರೆ ಇಸಿ ಖಾಲಿ. ಅದಕ್ಕೇ ಮೂಲ ಕ್ರಯಪತ್ರ ಕೈಯಲ್ಲಿ ಹಿಡಿದು ನೋಡಬೇಕು. ‘ಲಾಕರ್‌ನಲ್ಲಿದೆ, ಜೆರಾಕ್ಸ್ ನೋಡಿ’ ಅಂದ್ರೆ ಲಾಕರ್ ತೆಗೆಯೋವರೆಗೆ ಕಾಯಿರಿ. ಬ್ಯಾಂಕುಗಳು ಅಡಮಾನ ದಾಖಲಿಸೋ ಸರ್ಸಾಯ್ (CERSAI) ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಅಡಮಾನ ಹುಡುಕಲೂಬಹುದು.

ಸಾಲ ಇದೆ, ಕಂತು ಸರಿಯಾಗಿ ಕಟ್ತಿದ್ದೀವಿ ಅಂದ್ರೆ? ಅಡ ಇಟ್ಟ ಮನೆಯನ್ನ ಬಾಡಿಗೆಗೆ ಕೊಡಬಹುದು. ಆದರೆ ಆಸ್ತಿ ವರ್ಗಾವಣೆ ಕಾಯಿದೆಯ 65ಎ ಪ್ರಕಾರ ತಕ್ಕ ಬಾಡಿಗೆ ನಿಗದಿ ಆಗಿರಬೇಕು, ಪ್ರೀಮಿಯಂ (ಲೀಸ್‌ಗಾಗಿ ಕೊಡೋ ಇಡಿ ಮೊತ್ತ) ಆಗಲಿ ಮುಂಗಡ ಬಾಡಿಗೆ ಆಗಲಿ ಇರಬಾರದು, ಕಟ್ಟಡವಾದರೆ ಮೂರು ವರ್ಷ ದಾಟಬಾರದು. ಬಾಡಿಗೆಯೇ ಇಲ್ಲದ ಲೀಸ್ ಈ ಪರೀಕ್ಷೆ ಪಾಸಾಗೋದು ಕಷ್ಟ. ಕಂತು ನಿಂತು ಬ್ಯಾಂಕು ಸರ್ಫೇಸಿ (ಬ್ಯಾಂಕುಗಳ ಸಾಲ ವಸೂಲಿ ಕಾಯಿದೆ) ನೋಟಿಸ್ ಕೊಟ್ಟ ಮೇಲಂತೂ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಡಿದ ಲೀಸ್ ನಿಲ್ಲಲ್ಲ. ನಿಮ್ಮ ದುಡ್ಡಲ್ಲೇ ಸಾಲ ತೀರಿಸ್ತಾರೆ ಅಂದ್ರೆ, ಆ ಮೊತ್ತ ನೇರವಾಗಿ ಸಾಲದ ಖಾತೆಗೇ ಹೋಗಲಿ.

ಇನ್ನು ಅಗ್ರಿಮೆಂಟ್. ಛಾಪಾ ಕಾಗದದ ಮೇಲೆ ನೋಟರಿ ಮೊಹರು ಬಿದ್ದರೆ ಆಯ್ತು ಅಂದ್ಕೊಳ್ತಾರೆ. ನೋಟರಿ ಬೇರೆ, ನೋಂದಣಿ ಬೇರೆ. ಒಂದು ವರ್ಷ ಮೀರಿದ ಲೀಸ್ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಇನ್ನೂ ಗಟ್ಟಿ ದಾರಿ ಸ್ವಾಧೀನ ಸಹಿತ ಅಡಮಾನ ಪತ್ರ. ಇದರಲ್ಲಿ ನಿಮ್ಮ ದುಡ್ಡಿಗೆ ಮನೆಯೇ ಭದ್ರತೆ, ಹಣ ಬರೋವರೆಗೂ ಸ್ವಾಧೀನ ನಿಮ್ಮದು, ಇಸಿಯಲ್ಲಿ ನಿಮ್ಮ ಹೆಸರು ಏರುತ್ತೆ. ಮುದ್ರಾಂಕ ಶುಲ್ಕ ಜಾಸ್ತಿ, ಮಾಲೀಕರೂ ಮುಖ ಸಿಂಡರಿಸ್ತಾರೆ. ದೊಡ್ಡ ಮೊತ್ತಕ್ಕೆ ಇದೇ ಸರಿ ಅಂತ ನನ್ನ ಅಭಿಪ್ರಾಯ.

ಸಹಿ ಯಾರದ್ದು? ಮನೆಯ ಖಾತೆ ಮೂವರು ಅಣ್ಣತಮ್ಮಂದಿರ ಹೆಸರಲ್ಲಿದ್ದರೆ ಮೂವರದೂ. ಜಿಪಿಎ (ಮಾಲೀಕರ ಪರವಾಗಿ ವ್ಯವಹರಿಸೋ ಅಧಿಕಾರ ಪತ್ರ) ಹಿಡಿದು ಬಂದವರಾದರೆ, ಜಿಪಿಎ ಕೊಟ್ಟವರ ಜೊತೆ ವಿಡಿಯೊ ಕಾಲ್‌ನಲ್ಲಾದರೂ ಮಾತಾಡಿ. ಅವರು ತೀರಿಕೊಂಡಿದ್ದರೆ ಸಾಮಾನ್ಯವಾಗಿ ಜಿಪಿಎಯೂ ಮುಗೀತು. ಮಧ್ಯದ ಕಂಪನಿಗಳ ಲೀಸ್‌ನಿಂದ ದೂರ ಇರಿ. ನಿಮ್ಮಿಂದ ಇಡಿಗಂಟು ತಗೊಂಡು ಮಾಲೀಕರಿಗೆ ತಿಂಗಳ ಬಾಡಿಗೆ ಕಟ್ಟೋ ವ್ಯವಸ್ಥೆ ಅದು. ಕಟ್ಟೋದು ನಿಂತ ದಿನ ಮಾಲೀಕರು ನಿಮ್ಮ ಬಾಗಿಲಿಗೆ ಬರ್ತಾರೆ, ಅವರ ಕೈಯಲ್ಲಿರೋ ಕಾಗದದಲ್ಲಿ ನಿಮ್ಮ ಹೆಸರೇ ಇರಲ್ಲ.

ದುಡ್ಡು ಬ್ಯಾಂಕ್ ಮೂಲಕವೇ, ಮಾಲೀಕರ ಖಾತೆಗೇ. ಎರಡು ಲಕ್ಷ ಮತ್ತು ಮೇಲ್ಪಟ್ಟು ನಗದು ತಗೊಳ್ಳೋದನ್ನ ಆದಾಯ ತೆರಿಗೆ ಕಾನೂನೇ ನಿಷೇಧಿಸಿದೆ. ‘ಅರ್ಧ ಕ್ಯಾಶ್’ ಅಂದ್ರೆ ಆ ಅರ್ಧಕ್ಕೆ ಪುರಾವೆ ಇರಲ್ಲ.

ಬಿಡುವಾಗ ಎದುರಾಗೋ ಮಾತು, ‘ಹೊಸಬರು ಬರಲಿ, ಅವರು ಕೊಟ್ಟ ಮೇಲೆ ಕೊಡ್ತೀನಿ.’ ಅದಕ್ಕೆ ಮೊದಲೇ ಬರೆಸಿಕೊಳ್ಳಿ: ಎಷ್ಟು ತಿಂಗಳ ನೋಟಿಸ್, ಹಣ ಬಂದ ದಿನವೇ ಬೀಗದ ಕೈ, ತಡವಾದರೆ ತಿಂಗಳಿಗೆ ಎಷ್ಟು ಬಡ್ಡಿ, ಪೇಂಟಿಂಗ್‌ಗೆ ಹಿಡಿಯೋದು ಎಷ್ಟು.

ಹಳೇ ಬಾಕಿ ಇದೆಯಾ ಅಂತ ಬೆಸ್ಕಾಂ, ನೀರಿನ ಎರಡೂ ಬಿಲ್ ಮೇಲಿನ ಆರ್‌ಆರ್ ನಂಬರ್ ಹಾಕಿ ನೋಡಿ. ಗೃಹಜ್ಯೋತಿಗೆ ಹಿಂದಿನವರ ಆಧಾರ್ ಇನ್ನೂ ಆ ಮೀಟರ್‌ಗೇ ಅಂಟಿಕೊಂಡಿದ್ದರೆ ಡಿ-ಲಿಂಕ್ ಮಾಡಿಸಿ, ಆಮೇಲೆ ಸಾಮಾನು ಸಾಗಿಸಿ.