ಸತ್ತ ಎಸಿಪಿ ಹಾಜರಿ ಹಾಕಿದ್ದು

2025ರ ಏಪ್ರಿಲ್‌ನಲ್ಲಿ, ಕಲಬುರಗಿಯ ರಸ್ತೆಗಳಲ್ಲಿ ಡಾಂಬರು ಕರಗುವ ಹೊತ್ತಿಗೆ, ಎಸಿಪಿ ಪ್ರದ್ಯುಮನ್ ತೀರಿಕೊಂಡರು. ಹೋದದ್ದು ‘ಸಿಐಡಿ’ ಎಂಬ ಹಿಂದಿ ಧಾರಾವಾಹಿಯಲ್ಲಿ; ಬಾಂಬ್ ಇಟ್ಟವನು ಅದರ ಖಳ ಬಾರ್ಬೋಸಾ. ಅದನ್ನು ತೋರಿಸುವ ಸೋನಿ ಚಾನೆಲ್ಲಿನವರು ‘1998–2025’ ಎಂದು ಇಸವಿ ಹಾಕಿ ಶ್ರದ್ಧಾಂಜಲಿಯ ಚಿತ್ರವನ್ನೂ ಹರಿಬಿಟ್ಟರು. ಇಸವಿ ನಂಬಿದರೆ ಪಾಪ, 27ಕ್ಕೇ ಹೋದ ಜೀವ.

ಹಿಂದಿ ಸೀರಿಯಲ್ಲು ನಮ್ಮ ಕಡೆಯವರಿಗೆ ಪರಕೀಯವೇನಲ್ಲ. ಜಗತ್ ಸರ್ಕಲ್ಲಿನ ಚಹಾದಂಗಡಿಯಿಂದ ಸೂಪರ್ ಮಾರ್ಕೆಟ್ಟಿನ ಮೊಬೈಲ್ ಅಂಗಡಿ ತನಕ ಸೂತಕ ಹಬ್ಬಿತು. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ದೀಪ ಉರಿದವು. ತೊಗರಿ ಬೆಲೆ ಬಿದ್ದಾಗಲೂ ಇಷ್ಟು ಜನ ಕಣ್ಣು ಒರೆಸಿಕೊಂಡದ್ದು ನಾನು ಕಂಡಿಲ್ಲ.

ಪ್ರದ್ಯುಮನ್ ಪಾತ್ರ ಮಾಡಿದ ಶಿವಾಜಿ ಸಾಟಂ ಅವರಿಗೆ ಅದೇ ತಿಂಗಳು 75 ತುಂಬಿತು. ನಮ್ಮ ರಾಜ್ಯದ ಸರ್ಕಾರಿ ನೌಕರರನ್ನು 60ಕ್ಕೇ ಮನೆಗೆ ಕಳಿಸುತ್ತಾರೆ: ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ, ಸಾಹೇಬರ ಎರಡು ಮಾತು, ಉಪ್ಪಿಟ್ಟು-ಶಿರಾ. ಸಿಐಡಿಯವರಿಗೆ ಬೀಳ್ಕೊಡುಗೆ ಸಮಾರಂಭ ಮಾಡಲು ಬಾರದು. ನಟ ಬದಲಾಗಬೇಕೆಂದರೆ ಅವರ ಹತ್ತಿರ ಇರುವುದು ಒಂದೇ ಅಸ್ತ್ರ, ಸ್ಫೋಟ. ನಿವೃತ್ತಿ ಆದೇಶ ಟೈಪು ಮಾಡುವ ಗುಮಾಸ್ತನೊಬ್ಬನನ್ನು ಇಟ್ಟುಕೊಂಡಿದ್ದರೆ ಎಷ್ಟು ಮದ್ದುಗುಂಡು ಉಳಿಯುತ್ತಿತ್ತು!

ಕುರ್ಚಿಗೆ ಪಾರ್ಥ್ ಸಮ್ಥಾನ್ ಬಂದರು, ಎಸಿಪಿ ಆಯುಷ್ಮಾನ್ ಆಗಿ. ‘ಈ ಹುಡುಗ ಎಸಿಪಿಯೇನ್ರೀ?’ ಎಂದು ಜನ ಮೂಗು ಮುರಿದರು. ಮೀಸೆ ಸರಿಯಾಗಿ ದಪ್ಪವಾಗದ ಐಪಿಎಸ್ ಹುಡುಗರು ಬಂದು, ತಂದೆಯ ವಯಸ್ಸಿನವರಿಂದ ಸಲ್ಯೂಟ್ ಹೊಡೆಸಿಕೊಳ್ಳುವುದನ್ನು ಕಂಡವರೇ ಈ ಮಾತು ಆಡಿದ್ದು. ಅಸಲಿ ಪೊಲೀಸ್ ಸಾಹೇಬರು ನಮ್ಮಲ್ಲಿ ಬಂದು, ಊರಿನ ಓಣಿಗಳ ಹೆಸರು ಬಾಯಿಗೆ ಕೂರುವಷ್ಟರಲ್ಲಿ ವರ್ಗವಾಗಿ ಹೋಗುತ್ತಾರೆ. ಅವರಿಗಾಗಿ ಯಾರೂ ಸ್ಟೇಟಸ್ ಹಾಕಿದ್ದಿಲ್ಲ. ಟಿವಿ ಸಾಹೇಬರು ಮಾತ್ರ ಕದಲಬಾರದು. ತಲೆ ನೆರೆತಿರಬೇಕು, ಬೆರಳು ಗಾಳಿಯಲ್ಲಿ ತಿರುಗುತ್ತಿರಬೇಕು, ಹೆಣ ನೋಡಿದ ಕೂಡಲೇ ಇಲ್ಲೇನೋ ಗಡಬಡ ಇದೆ ಎಂಬ ಅನುಮಾನ ಬರಬೇಕು. ಹೆಣ ಬಿದ್ದ ಕಡೆ ಗಡಬಡ ಇರದೆ ಇನ್ನೇನು ಇರುತ್ತದೋ!

ಕೆಲವೇ ವಾರ. ಪ್ರದ್ಯುಮನ್ ಸಾಹೇಬರು ವಾಪಸ್ ಬಂದರು. ಶ್ರದ್ಧಾಂಜಲಿ ಹಾಕಿದ ಚಾನೆಲ್ಲೇ ಸ್ವಾಗತವನ್ನೂ ಕೋರಿತು.

ಇದನ್ನು ಕೇಳಿ ಉರಿದುಬಿದ್ದವರು ನಮ್ಮ ಓಣಿಯ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಕಾಕಾ. ‘ತಮ್ಮಾ, ನಾ ಪ್ರತಿ ನವೆಂಬರ್‌ದಾಗ ಬ್ಯಾಂಕಿಗಿ ಹೋಗಿ ಜೀವಂತ ಅದೀನಿ ಅಂತ ಬರದು ಕೊಡ್ಬೇಕು. ಹೆಬ್ಬೆಟ್ಟು ಮಷೀನ್ ಮ್ಯಾಲ ಇಟ್ರ ಬರಂಗಿಲ್ಲ ಅಂತದ. ಎದುರಿಗಿ ನಿಂತೀನಿ, ಉಸುರು ಆಡ್ಲತ್ತದ, ಆದ್ರೂ ಆ ಹುಡುಗಿ ಆಧಾರ್ ತರ್ರಿ ಅಂತಾಳ. ಈ ಮನುಷ್ಯಾ ಬಾಂಬಿನ್ಯಾಗ ಸತ್ತಾನ, ಫೋಟೊ ಹಾಕ್ಯಾರ, ಇಸವಿ ಬರದಾರ. ಒಂದು ಸರ್ಟಿಫಿಕೇಟ್ ಇಲ್ದೆ ಹೋಗಿ ಅದೇ ಕುರ್ಚಿಮ್ಯಾಗ ಕುಂತಾನ! ಇವ್ನಿಗಿ ಯಾವ ಬ್ಯಾಂಕು?’

ನಾನು ಸಮಾಧಾನ ಹೇಳಲು ಹೋಗಲಿಲ್ಲ. ಕಾಕಾನ ಪಿಂಚಣಿ ಅರ್ಜಿಗೆ ಉತ್ತರ ಕೊಡುವ ಚಿತ್ರಕಥೆಗಾರ ಇನ್ನೂ ಹುಟ್ಟಿಲ್ಲ.

ಒಂದು ಮಾತು ಮಾತ್ರ ನಗೆಯಾಚೆಯದು. ಇದೇ ತಂಡದ ಫ್ರೆಡ್ರಿಕ್ಸ್, ಎಂದರೆ ದಿನೇಶ್ ಫಡ್ನಿಸ್, 2023ರ ಡಿಸೆಂಬರಿನಲ್ಲಿ ಖರೇನೇ ತೀರಿಕೊಂಡರು. ವರ್ಷದ ಮೇಲೆ, 2024ರ ಡಿಸೆಂಬರಿನಲ್ಲಿ, ಧಾರಾವಾಹಿ ಮತ್ತೆ ಶುರುವಾದಾಗ ಅವರು ಇರಲಿಲ್ಲ. ಅಂಥ ಮನೆಯವರು ಟಿಆರ್‌ಪಿಗೆ ಸುಳ್ಳು ತಿಥಿ ಮಾಡಬಾರದಿತ್ತು ಎಂದು ನನಗನ್ನಿಸುತ್ತದೆ.

ಇರಲಿ, ಇಲಾಖೆಯ ಇತರ ಕಡತಗಳನ್ನೂ ನೋಡಬೇಕಲ್ಲ. ಉಡುಪಿ ಕಡೆಯ ದಯಾನಂದ ಶೆಟ್ಟರು 1998ರಲ್ಲೇ ದಯಾ ಆಗಿ ಬಾಗಿಲು ಮುರಿಯಲು ಶುರು ಮಾಡಿದವರು. ಬೀಗದ ಕೈ ಕೇಳುವ ಪದ್ಧತಿ ಆ ಠಾಣೆಯಲ್ಲಿಲ್ಲ. ಇಷ್ಟು ಬಾಗಿಲಿಗೂ ಇನ್‌ಸ್ಪೆಕ್ಟರ್ ಎಂಬುದರ ಹಿಂದೆ ‘ಸೀನಿಯರ್’ ಸೇರಿದ್ದಷ್ಟೇ ಲಾಭ. ಮೇಲಿನ ಹುದ್ದೆ ಖಾಲಿಯಾದಾಗ ಹೊರಗಿನಿಂದ ಹುಡುಗನನ್ನು ಕರೆತಂದರೇ ವಿನಾ ಇವರ ಬಡ್ತಿಯ ಕಡತ ಮೇಜಿನಿಂದ ಮೇಲೇಳಲಿಲ್ಲ. ಇದೊಂದು ವಿಷಯದಲ್ಲಿ ಧಾರಾವಾಹಿ ವಾಸ್ತವಕ್ಕೆ ಬಹಳ ಹತ್ತಿರ ಎಂದು ಕಾಕಾ ಕೂಡ ಒಪ್ಪಿದರು.

ಹಳಬರು ಕುರ್ಚಿಗೆ ಮರಳಿದ ಮೇಲೆ ಆಯುಷ್ಮಾನ್ ಸಾಹೇಬರ ಗತಿ ಏನೆಂದು ಅವರನ್ನೇ ಕೇಳಿದೆ. ಕಾಕಾ ಬೀಡಿ ಹಚ್ಚಿ, ಮೂವತ್ತು ವರ್ಷದ ಸರ್ವಿಸಿನ ಗತ್ತಿನಲ್ಲಿ ಹೇಳಿದರು: ‘ಹೊಸಾ ಜಾಗಾ ತೋರ್ಸಿಲ್ಲ. ಮುಂದಿನ ಆದೇಶ ಬರೋತನಕ ಬೆಂಗಳೂರಿಗಿ ಹೋಗಿ ಹೆಡ್ ಆಫೀಸಿನ್ಯಾಗ ರಿಪೋರ್ಟ್ ಮಾಡ್ಕೋ ಅಂದಿರ್ತಾರ.’